ಯವದ್ವೀಪದ ಅನ್ನಪಾನಗಳೂ ಅವುಗಳ ಹೆಸರುಗಳೂ

ಯವದ್ವೀಪವೇ ಮೊದಲಾದ ಇಂಡೊನೇಷ್ಯದ ದ್ವೀಪಗಳ ಭಾಷೆಗಳಲ್ಲಿ ಸಂಸ್ಕೃತಶಬ್ದಗಳು ವಿಪುಲವಾಗಿರುವುವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಇಷ್ಟರಿಂದಲೇ ಅಲ್ಲಿಯ ಆಹಾರಕ್ರಮವೂ ಭರತಖಂಡದಿಂದ ಹೋದುದೆಂದು ನಿರ್ಣಯಿಸುವುದು ಯುಕ್ತವೇ ಎಂಬುದು ವಿಚಾರಣೀಯವಾದ ಅಂಶ. ಇದಕ್ಕೆ ಪದಾರ್ಥಗಳ ಹೆಸರುಗಳೇ ಉತ್ತರವನ್ನು ಕೊಡುವುವು.

ಗುಡ ಅಥವಾ ಗುಳಶಬ್ದವು ಅಲ್ಲಿ 'ಗುಲ' ಎಂದಾಗಿ ಸಕ್ಕರೆ ಬೆಲ್ಲಗಳೆರಡಕ್ಕೂ ಸಲ್ಲುವುದು. ಮರಿಚವು 'ಮೆರಿಚ', ಮಧುವು 'ಮದು', ಹುಳಿಯಾದ ಚುಕ್ರವು 'ಚುಕ' ಎಂದಾಗಿವೆ. 'ರಸ' ಎಂಬುದು ಮಾರ್ಪಡದೆ ಉಳಿದು, ರುಚಿಯನ್ನೂ ಮನಸ್ಸಿನ ಭಾವವನ್ನೂ ಹೇಳುವುದು. ಆದರೆ ಭತ್ತ, ಅಕ್ಕಿ, ಅನ್ನ ಎಂದು ಕನ್ನಡದಲ್ಲಿರುವ ಭೇದಕ್ಕೆ ಸರಿಯಾಗಿ ಅಲ್ಲಿ 'ಪಾಡಿ', 'ಬೆರಸ್', 'ನಾಸಿ' ಎಂಬ ಮೂರು ಶಬ್ದಗಳುಂಟು. ಇವು ಮೂರೂ ದೇಶ್ಯಗಳೇ. ಭತ್ತದ ಅಧಿದೇವತೆಗೆ ಮಾತ್ರ 'ದೇವಿ ಶ್ರೀ' ಎಂಬ ಸಂಸ್ಕೃತನಾಮವು ಬಂದಿದೆ. ಆಕೆಯ ಶರೀರದಿಂದ ಭತ್ತವು ಮೊಳೆಯಿತೆಂಬ ಕಥೆಯು ಆ ನಾಡಿನ ಜನರದು.

ಮಜಪಹಿತ್ ರಾಜ್ಯದ ಕವಿಯಾದ ಪ್ರಪಂಚನು 1365ರಲ್ಲಿ ರಚಿಸಿದ ನಾಗರಕೃತಾಗಮದಲ್ಲಿ ರಾಜಭೋಜನದ ವರ್ಣನೆಯಿದೆ. ಅಲ್ಲಿ ಲೋಕಪುರಾಣಾನುಸಾರವಾಗಿ ಭಕ್ಷ್ಯವಾದ ಮಾಂಸಗಳನ್ನು ಹೇಳಿ, ನಾಯಿ, ಇಲಿ, ಕಪ್ಪೆ ಮೊದಲಾದುವು ನಿಷಿದ್ಧವೆಂದು ಕವಿಯು ತಿಳಿಸುವನು. ಆದರೂ ಅವುಗಳಲ್ಲಿ ಪ್ರೀತಿಯುಳ್ಳವರಿಗೆ ಅವನ್ನೇ ಬಡಿಸಿದರೆಂದೂ ಮುಚ್ಚುಮರೆಯಿಲ್ಲದೆ ಹೇಳುವನು. ತೆಂಗು, ತಾಳೆ ಮೊದಲಾದ ಮರಗಳ ಮದ್ಯಗಳೊಡನೆ ಅಕ್ಕಿಯಿಂದಾದ 'ಬ್ರೆಮ್' ಎಂಬುದೂ ಅಲ್ಲಿ ಉಕ್ತವಾಗಿದೆ. ಶಾಸ್ತ್ರವು ಬಂದಿತು, ದೇಶಾಚಾರವು ಹೋಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಶಬ್ದಸಾಮ್ಯವನ್ನು ನಂಬುವವರಿಗೆ ಇನ್ನೊಂದು ಎಚ್ಚರಿಕೆಯು ಅವಶ್ಯಕ. ಅಲ್ಲಿಯೂ 'ರಾಗಿ' ಎಂಬ ಶಬ್ದವುಂಟು. ಆದರೆ ಅದು ಧಾನ್ಯವಲ್ಲ, ಅಕ್ಕಿಹಿಟ್ಟಿನಿಂದ ಮಾಡಿದ, ಹುದುಗು ಬರಿಸುವ ಬಿಲ್ಲೆ. ಬೇಯಿಸಿದ ಅಂಟಕ್ಕಿಗೆ ಅದನ್ನು ಪುಡಿಮಾಡಿ ಬೆರಸಿ ಮುಚ್ಚಿಟ್ಟರೆ ಒಂದೆರಡು ದಿನಗಳಲ್ಲಿ ಸಿಹಿಹುಳಿಯಾದ 'ತಪೆ' ಸಿದ್ಧವಾಗುವುದು. ಬೇಯಿಸಿದ ಸೋಯಾ ಅವರೆಗೆ ಬೇರೊಂದು ಬಗೆಯ ಹುದುಗನ್ನು ಕೂಡಿಸಿ ಎಲೆಯಲ್ಲಿ ಕಟ್ಟಿಟ್ಟರೆ ಬಿಳಿಯ ಬೂಸು ಹಬ್ಬಿ, ಕಾಳುಗಳು ಒಂದಕ್ಕೊಂದು ಹೆಣೆದುಕೊಂಡು 'ತೆಂಪೆ'ಯಾಗುವುದು. ಇವು ಆ ದೇಶದವರ ಸ್ವಂತ ಪಾಕವಿದ್ಯೆಯ ಫಲಗಳು.

ಆದುದರಿಂದ ಸಿಹಿ, ಖಾರ, ಹುಳಿಗಳ ಕೆಲವು ಹೆಸರುಗಳನ್ನು ಕೊಟ್ಟ ಮಾತ್ರಕ್ಕೆ ಅಡಿಗೆಯನ್ನೇ ಕೊಟ್ಟಂತಾಗದು. ಹೆಸರಿನ ಜೊತೆಗೆ ಪದಾರ್ಥವನ್ನೂ ಪಾಕಕ್ರಮವನ್ನೂ ಪರೀಕ್ಷಿಸಿದ ಬಳಿಕವೇ ಸಂಬಂಧವನ್ನು ಹೇಳುವುದು ಶಾಸ್ತ್ರಸಮ್ಮತವಾದ ಮಾರ್ಗ.