ಲೀಡಾ, ಲೆಡ್ಡಾ?

ಕಳೆದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಸೋಲ್ಡರ್ ರೀಲ್ ಮೇಲೆ ಬರೆದಿದ್ದನ್ನ ನಾನು 'ಲೀಡ್ ಫ್ರೀ' ಅಂತ ಜೋರಾಗಿ ಓದಿದೆ. ಪಕ್ಕದಲ್ಲಿದ್ದ ಗೆಳೆಯ ಮೆಲ್ಲಗೆ, 'ಅದು ಲೆಡ್ ಕಣೋ, ಸೀಸ' ಅಂದ. ಅವನು ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ನಾನು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ! ಫಸ್ಟ್ ಇಯರ್‌ನಲ್ಲಿ ಅವನು ಇಂಗ್ಲಿಷ್ ಪದಗಳ ಉಚ್ಚಾರಣೆಯನ್ನ ನೋಟ್ಸ್ ಅಂಚಿನಲ್ಲಿ ಕನ್ನಡದಲ್ಲಿ ಬರ್ಕೊಳ್ಳೋದು ನೋಡಿ ನಕ್ಕಿದ್ದೆ. ಈಗ ನಾನೂ ಹಾಗೇ ಬರ್ಕೊತೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಕನ್ನಡದಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಈ ವ್ಯತ್ಯಾಸ ಬರವಣಿಗೆಯಲ್ಲೇ ಕಾಣುತ್ತೆ. 'ಬಿಡಿ' ಅನ್ನೋದನ್ನ ಎಳೆದರೆ 'ಬೀಡಿ' ಆಗುತ್ತೆ. ಇಂಗ್ಲಿಷಿನಲ್ಲೂ ಹೀಗೆ ಅರ್ಥ ಬದಲಾಗುತ್ತೆ: ಹಿಟ್-ಹೀಟ್, ಫಿಲ್ಡ್-ಫೀಲ್ಡ್, ಪುಲ್-ಪೂಲ್. 'ಈ ಚಿಪ್ ಚೀಪ್ ಅಲ್ಲ' ಅಂತ ಒಮ್ಮೆ ಹೇಳಿ ನೋಡಿ.

ಆದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಇದನ್ನ ಸರಿಯಾಗಿ ತೋರಿಸಲ್ಲ. ಡಬಲ್ ಇ ಇದ್ದರೆ ಸಾಮಾನ್ಯವಾಗಿ ದೀರ್ಘ: ಫೀಲ್, ಶೀಪ್. ಡಬಲ್ ಓ ಮಾತ್ರ ನಂಬೋ ಹಾಗಿಲ್ಲ: ಫೂಡ್, ಪೂಲ್ ದೀರ್ಘ, ಬುಕ್, ಫುಟ್ ಹ್ರಸ್ವ, ಬ್ಲಡ್, ಫ್ಲಡ್‌ನಲ್ಲಿ ಉಕಾರವೇ ಇಲ್ಲ! ಇ-ಎ ಜೋಡಿಯೂ ಅಷ್ಟೇ: ಹೀಟ್ ಇದೆ, ಹೆಡ್ ಕೂಡ ಇದೆ. ನಮ್ಮ ಲ್ಯಾಬ್‌ನಲ್ಲಂತೂ ಒಂದೇ ಸ್ಪೆಲ್ಲಿಂಗ್‌ಗೆ ಎರಡು ಪದ. ರೆಸಿಸ್ಟರ್‌ನ ಕಾಲು ಲೀಡ್, ಸೀಸ ಲೆಡ್.

ಇದಕ್ಕೆ ಕಾರಣ ಇತಿಹಾಸ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣ ತಂದ. ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳು ಬದಲಾಗ್ತಾನೇ ಇದ್ವು. ಬುಕ್, ಹೆಡ್, ಲೆಡ್‌ನಲ್ಲೂ ಒಂದು ಕಾಲಕ್ಕೆ ದೀರ್ಘವೇ ಇತ್ತು. ನಾಲಿಗೆ ಮುಂದೆ ಹೋಯ್ತು, ಸ್ಪೆಲ್ಲಿಂಗ್ ಅಲ್ಲೇ ಉಳೀತು.

ಒಂದು ಎಚ್ಚರಿಕೆ: ಇಂಗ್ಲಿಷಿನಲ್ಲಿ ಎಳೆಯೋದಷ್ಟೇ ಸಾಲದು. 'ಹೀಟ್' ಅನ್ನುವಾಗ ನಾಲಿಗೆ ಮೇಲೇರಿ ತುಟಿ ಅಗಲವಾಗುತ್ತೆ; 'ಹಿಟ್' ಅನ್ನುವಾಗ ನಾಲಿಗೆ ಸ್ವಲ್ಪ ಕೆಳಗೆ, ಸಡಿಲವಾಗಿರುತ್ತೆ. ಮುಂದಿನ ವ್ಯಂಜನವೂ ಲೆಕ್ಕಕ್ಕೆ ಬರುತ್ತೆ. 'ಸೀಡ್'ನ ಈಕಾರಕ್ಕಿಂತ 'ಸೀಟ್'ನ ಈಕಾರ ಗಿಡ್ಡ.

ಹಾಗಾಗಿ ಹೊಸ ಪದ ಸಿಕ್ಕಾಗ ಸ್ಪೆಲ್ಲಿಂಗ್ ನೋಡಿ ಊಹಿಸಬೇಡಿ. ಡಿಕ್ಷನರಿ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ, ಆಮೇಲೆ ಪಕ್ಕದಲ್ಲಿ ಕನ್ನಡದಲ್ಲಿ ಬರ್ಕೊಳ್ಳಿ. ಯಾರಾದ್ರೂ ನಕ್ಕರೆ ನಗಲಿ ಬಿಡಿ. ನಾನೂ ನಕ್ಕಿದ್ದೆ.