ಎರೆನೆಲಕ್ಕೂ ಮಳೆಕಾಡಿಗೂ ಏನು ನಂಟು?

ಪ್ರಶ್ನೆ: ಕಾಡಿನ ನಡುವೆ ತೋಟ ಮಾಡುವವರಿಂದಲೇ ಮಳೆಕಾಡು ಉಳಿಯುವುದು ಹೇಗೆ? ನಮ್ಮ ಎರೆಯ ನಾಡಿಗೆ ಅದರಿಂದೇನು?
– ಓದುಗರೊಬ್ಬರು, ಶಿರೋಳ

ಉತ್ತರ: ಎರಡನೆಯ ಮಾತಿಗೆ ಮೊದಲು ಉತ್ತರಿಸುವೆನು. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಯಾಗಿ ನರಗುಂದದ ಹೊಲಗಳಿಗೆ ಬರುವ ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಹಸುರಿನ ಮಡಿಲಿನಲ್ಲಿ ಜನ್ಮ ತಾಳುವುದರಿಂದ, ಆ ಅರಣ್ಯದ ಕ್ಷೇಮವು ನಿಮ್ಮ ಕ್ಷೇಮವೂ ಹೌದು.

ಅದೇ ಸಹ್ಯಾದ್ರಿಯ ಶಿರಸಿ, ಸಿದ್ದಾಪುರಗಳ ಕಣಿವೆಗಳಲ್ಲಿ ತೋಟಿಗರು ಅಡಕೆಯ ಕಾಂಡಕ್ಕೆ ಮೆಣಸಿನ ಬಳ್ಳಿಯನ್ನೂ ಅದರ ನೆರಳಿನಲ್ಲಿ ಏಲಕ್ಕಿಯನ್ನೂ ಬೆಳೆದು, ಕಾಡಿನ ಅಂತಸ್ತುಗಳನ್ನೇ ಅನುಸರಿಸುವರು. ತೋಟಕ್ಕೆ ಸೊಪ್ಪು, ದರಕುಗಳನ್ನೀಯುವ ಸೊಪ್ಪಿನಬೆಟ್ಟವನ್ನು, ಅದು ಬೋಳಾದರೆ ತೋಟವೂ ಸೊರಗುವುದೆಂಬ ಅರಿವಿನಿಂದ ಕಾಯ್ದುಕೊಳ್ಳುವರು. (ಅತಿಯಾಗಿ ಸವರಿ ಬೆಟ್ಟವನ್ನು ಬರಿದುಮಾಡಿದವರೂ ಇಲ್ಲದಿಲ್ಲ.) 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಲ್ಕಣಿ ಊರಿನ ಜನರು ಮರಗಳನ್ನಪ್ಪಿ ಕೊಡಲಿಯನ್ನು ತಡೆದ ಅಪ್ಪಿಕೋ ಚಳುವಳಿಯ ಹಿಂದೆ ಇದ್ದುದೂ ಈ ಅವಲಂಬನವೇ.

ಆದರೆ ಕಾಡಿನ ಉಪ್ಪಾಗೆಯೆಂಬ ಹುಳಿಹಣ್ಣಿಗೆ ಬೆಲೆಯೇರಿದಾಗ, ಎಳೆಗಾಯಿಯ ಆಸೆಗೆ ಕೊಂಬೆಗಳನ್ನೇ ಕಡಿದು, ಸಿಪ್ಪೆಯೊಣಗಿಸಲು ರಾಶಿ ಕಟ್ಟಿಗೆ ಉರಿಸಿದುದೂ ಉಂಟು. ಹಣ್ಣಾಗುವವರೆಗೆ ಕಾದು, ಕೊಂಬೆ ಮುರಿಯದೆ ಕೊಯ್ದು, ಕಟ್ಟಿಗೆ ಕಡಿಮೆ ಬೇಡುವ ಒಲೆಯಲ್ಲಿ ಒಣಗಿಸುವ ಕಟ್ಟಳೆಯನ್ನು ಊರವರೇ ವಿಧಿಸಿಕೊಳ್ಳುವುದು ಅದಕ್ಕೆ ತಕ್ಕ ಪರಿಹಾರವೆಂದು ನಾನು ನಂಬಿರುವೆನು.