ಕಾಯಿಸಿದರೆ ನುಡಿಯುವ ಚರ್ಮ

ಕೋಲಾರ ಜಿಲ್ಲೆಯ ಲಕ್ಕೂರು ಕಡೆಯ ಹಳ್ಳಿಗಳಲ್ಲಿ ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊರಡಬೇಕಾದರೆ ಮುಂದೆ ತಮಟೆ ಇರಬೇಕು. ಹೆಂಗಸರು ದೀಪ ಹೊತ್ತು ಸಾಲುಗಟ್ಟಿದ್ದರೂ, ಅತ್ತ ಹುಲ್ಲಿನ ಉರಿಯ ಮುಂದೆ ಕೂತವನು ಚರ್ಮ ಕಾಯಿಸಿ ಏಳುವವರೆಗೆ ಮೆರವಣಿಗೆ ಕದಲುವುದಿಲ್ಲ. ಬೆರಳಲ್ಲಿ ತಟ್ಟಿ ನೋಡುತ್ತಾನೆ. ‘ದಬ್’ ಎಂದರೆ ಮತ್ತೆ ಉರಿಗೆ, ‘ಠಣ್’ ಎಂದರೆ ಹೆಗಲಿಗೆ. ಅತಿಯಾಗಿ ಕಾಯಿಸಿದರೆ ಚರ್ಮ ಹರಿಯಿತೆಂದೇ ಲೆಕ್ಕ. ಒಂದು ಕೈಗೆ ಗಿಡ್ಡ ಕೋಲು, ಇನ್ನೊಂದಕ್ಕೆ ತೆಳ್ಳನೆಯ ಉದ್ದ ಕಡ್ಡಿ. ಬಾರಿಸುವವನೇ ಕುಣಿಯಲೂ ಬೇಕು. ಕೈ ಒಂದು ಲೆಕ್ಕ ಹಿಡಿದಿರುವಾಗ ಕಾಲು ಅದಕ್ಕೆ ಸರಿಯಾಗಿ ಬಿದ್ದೇ ಬೀಳಬೇಕು.

ಈ ವಿದ್ಯೆಗೆ 2023ರಲ್ಲಿ ಪದ್ಮಶ್ರೀ ಬಂತು. ಪಡೆದವರು ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ. 2007ರವರೆಗೆ ಅದೂ ಕೋಲಾರ ಜಿಲ್ಲೆಯೇ, ಹಾಗಾಗಿ ಅವರನ್ನು ನಮ್ಮವರೆನ್ನಲು ಅಡ್ಡಿಯಿಲ್ಲ. ಹುಡುಗರಾಗಿದ್ದಾಗ ಹಿಡಿದ ತಮಟೆಯನ್ನು ಅವರು ದಶಕಗಳ ಕಾಲ ಬಾರಿಸಿದರು, ಎಳೆಯರಿಗೂ ಕಲಿಸಿದರು.

ಕಲಿಸುವುದೆಂದರೆ ಇಲ್ಲಿ ಸಣ್ಣ ಮಾತಲ್ಲ. ತಮಟೆ ಬಡಿಯುವುದು ಊರು ದಲಿತ ಕೇರಿಯ ಮೇಲೆ ಹೇರಿದ್ದ ಚಾಕರಿ. ಸಾವಿಗೆ, ಡಂಗುರಕ್ಕೆ, ಜಾತ್ರೆಗೆ ಕರೆದಾಗ ಹೋಗಬೇಕು. ಗುಡಿಯ ಹೊರಗೆ ನಿಲ್ಲಬೇಕು. ದಲಿತ ಚಳವಳಿ ಬಂದ ಮೇಲೆ ಎಷ್ಟೋ ಕಡೆ ಈ ಬಿಟ್ಟಿ ಕೆಲಸ ಒಲ್ಲೆವೆಂದು ತಮಟೆ ಕೆಳಗಿಟ್ಟರು. ಅದೇ ಚಳವಳಿಯ ಜಾಥಾಗಳಲ್ಲಿ ಅದೇ ತಮಟೆ ಮೊಳಗಿತು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ವೂ ಈ ಹಾದಿಯದೇ. ಅಲ್ಲಿನ ‘ಹುಣ್ಣಿಮೆ ಹಾಡು’ ಕೇಳಲು ಜನ ಬೆಟ್ಟ ಹತ್ತುತ್ತಾರೆ.

ದೂರದ ಹವಾಯಿಯಲ್ಲಿ ಹುಲಾ ಕುಣಿತಕ್ಕೂ ಅವಮಾನದ ಕಾಲವೊಂದಿತ್ತು. ಕ್ರೈಸ್ತಳಾಗಿದ್ದ ರಾಣಿ ಕಅಹುಮಾನು 1830ರಲ್ಲಿ ಬಹಿರಂಗ ಹುಲಾವನ್ನು ನಿಷೇಧಿಸಿದಳು. ದೊರೆ ಕಲಾಕೌವ 1883ರ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅದನ್ನೇ ಕುಣಿಸಿದ. ‘ಕುಮು ಹುಲಾ’ ಎನಿಸಿಕೊಂಡ ಗುರುಗಳು ಇಂದಿಗೂ ಹೆಜ್ಜೆಯ ಜೊತೆಗೆ ವಂಶಾವಳಿ, ದೇವರ ಕಥೆ, ಕಾಡಿನ ಎಲೆ-ಬಳ್ಳಿಗಳ ಪರಿಚಯವನ್ನೂ ಮಾಡಿಸುತ್ತಾರೆ. ಅವರಿಗೆ ಒಬ್ಬ ದೊರೆ ಸಿಕ್ಕಿದ. ನಮ್ಮಲ್ಲಿ ಬಾರಿಸುವವರೇ ಬೀದಿಗಿಳಿದು ಮರ್ಯಾದೆ ಗಳಿಸಿಕೊಳ್ಳಬೇಕಾಯಿತು.

ತಮಟೆಗೆ ರೋಗದೊಂದಿಗೂ ನಂಟಿತ್ತು. ಸಿಡುಬಿನ ಕಾಲದಲ್ಲಿ ಬೇವಿನ ಸೊಪ್ಪು, ಅರಿಸಿನ, ಮಾರಮ್ಮನ ಮುಂದಿನ ತಮಟೆ ಇವೇ ಊರಿಗಿದ್ದ ಧೈರ್ಯ. ರೋಗ ಹೋದದ್ದು ಲಸಿಕೆಯಿಂದ, ಸಂಶಯವಿಲ್ಲ. ಹೆದರಿ ಬಾಗಿಲು ಹಾಕಿಕೊಂಡವರನ್ನು ಒಟ್ಟಿಗೆ ಬೀದಿಗೆ ತರುವ ಕೆಲಸ ಮಾತ್ರ ತಮಟೆಯದಾಗಿತ್ತು.

ಈಗ ಹೆಣ್ಣುಮಕ್ಕಳ ತಮಟೆ ತಂಡಗಳೂ ಇವೆ. ಎಷ್ಟೋ ಕಡೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಕಾಯಿಸಬೇಕಿಲ್ಲ, ಮಳೆಗೆ ನೆನೆದರೂ ಚಿಂತೆಯಿಲ್ಲ. ಸದ್ದು ಜೋರು, ಆದರೆ ಬರೀ ಕಿರುಚು. ಕಲಿಯುವವರಿಗೆ ಅದು ಸಾಕು. ಆರತಿಯ ದಿನಕ್ಕಾದರೂ ಉರಿ ಹಾಕಿ ಚರ್ಮದ್ದನ್ನೇ ಕಾಯಿಸಲಿ.